ಮೂರು ಎಚ್‌ಪಿ ಬೆಡ್ಡಿಗೆ ಐದು ಎಚ್‌ಪಿ ಮೋಟರ್: ನನ್ನ ಹಳೇ ಬೆಂಜ್ ಇ 220 ಹೇಗಿದೆ

ಶಿರಸಿಯಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಇಪ್ಪತ್ತಾರು ವರ್ಷ ಆಯಿತು. ಫೆಬ್ರವರಿ ದಾಟಿತು ಅಂದರೆ ತೋಟದವರು ಸುಟ್ಟ ಪಂಪ್‌ಸೆಟ್ ಜೀಪಿನಲ್ಲಿ ಹಾಕಿಕೊಂಡು ಬರಲಿಕ್ಕೆ ಶುರು. ಅವರಲ್ಲಿ ವರ್ಷಕ್ಕೆ ನಾಲ್ಕು ಜನರಾದರೂ ಒಂದೇ ಪ್ರಶ್ನೆ ಕೇಳುತ್ತಾರೆ: "ಇದೇ ಪಂಪಿಗೆ ದೊಡ್ಡ ಮೋಟ್ರು ಕೂರ್ಸಲಾಗ್ತಿಲ್ಯ?"

ಆಗುತ್ತದೆ. ಕೂರಿಸುವುದು ಅರ್ಧ ದಿನದ ಕೆಲಸ. ಆಮೇಲಿನದೇ ಕತೆ. ಮೂರು ಎಚ್‌ಪಿಗೆ ಅಂತ ಹಾಕಿದ ಕಾಂಕ್ರೀಟ್ ಬೆಡ್ಡಿನ, ಅಂದರೆ ಮೋಟರ್ ಕೂರುವ ಅಡಿಪಾಯದ ಮೇಲೆ ಐದು ಎಚ್‌ಪಿ ಓಡಿಸಿದರೆ ಮೊದಲು ಬೋಲ್ಟ್ ಸಡಿಲ, ಆಮೇಲೆ ಕಪ್ಲಿಂಗ್ ರಬ್ಬರ್ ಚೂರು ಚೂರು, ಆಮೇಲೆ ಬೇರಿಂಗ್ ಕೂಗು. ಮೂರನೇ ತಿಂಗಳಿಗೆ ಮೋಟರ್ ಮತ್ತೆ ನನ್ನ ಅಂಗಡಿಯಲ್ಲೇ. ಬೈಗುಳವೂ ನನಗೇ.

ಕಾರಿನ ಬಗ್ಗೆ ಬರೆಯಲಿಕ್ಕೆ ಕೂತು ಪಂಪಿನ ಪುರಾಣ ಯಾಕೆ ಅನ್ನಬೇಡಿ. ಹಳೇ ಬೆಂಜ್ ಒಂದನ್ನು ಹದಿನಾಲ್ಕು ತಿಂಗಳು ಓಡಿಸಿದ ಮೇಲೆ ನನಗೆ ಅರ್ಥವಾದದ್ದು ಈ ಬೆಡ್ಡಿನ ವಿಷಯವೇ.

ಕಾರು ಮರ್ಸಿಡಿಸ್ ಬೆಂಜ್ ಇ 220, 1996ರದ್ದು. ಕಾರಿನ ಹುಚ್ಚಿರುವವರು ಇದನ್ನು ಡಬ್ಲ್ಯೂ 124 ಅಂತ ಕರೆಯುತ್ತಾರೆ. ಪುಣೆಯಲ್ಲಿ ಜೋಡಿಸಿದ್ದು. ಬೆಂಜ್ ಕಂಪನಿ 1994ರಲ್ಲಿ ಭಾರತಕ್ಕೆ ಬಂತು, 1995ರಲ್ಲಿ ಇಲ್ಲಿ ಮೊದಲು ಮಾಡಿದ್ದೇ ಈ ಕಾರು. ತಮಾಷೆ ಏನಂದರೆ ಅದೇ ವರ್ಷ ಜರ್ಮನಿಯಲ್ಲಿ ಇದರ ಜಾಗಕ್ಕೆ ಹೊಸ ಮಾಡೆಲ್ ಬಂದಿತ್ತು. ಅವರಿಗೆ ಹಳೆಯದಾದದ್ದು ನಮಗೆ ಹೊಸದು. ಇರಲಿ, ನನಗೆ ಬೇಕಾಗಿದ್ದೂ ಹಳೆಯದೇ.

ಮಾರುವವರು ಕಾರವಾರದ ಕೋಡಿಬಾಗದಲ್ಲಿದ್ದರು. ಹಡಗಿನಲ್ಲಿ ಚೀಫ್ ಎಂಜಿನಿಯರ್ ಆಗಿದ್ದು ನಿವೃತ್ತರಾದವರು. ಓಣಿಯಲ್ಲಿ ಎಲ್ಲರೂ 'ಚೀಫ್' ಅಂತಲೇ ಕರೆಯುತ್ತಾರೆ. ನಾನೂ ಹಾಗೇ ಕರೆದೆ. ಕಾರು ಮಾವಿನ ಮರದ ಕೆಳಗೆ ತಗಡಿನ ಮಾಡಿನಲ್ಲಿ ನಿಂತಿತ್ತು. ಬೂದು ಬಣ್ಣ. 1,38,000 ಕಿಲೋಮೀಟರ್ ಓಡಿತ್ತು. ಸ್ಟಾರ್ಟ್ ಮಾಡಿಸಿ, ನನ್ನ ಅಭ್ಯಾಸದಂತೆ ಸ್ಕ್ರೂಡ್ರೈವರ್ ತುದಿಯನ್ನು ಎಂಜಿನ್ ಮೇಲಿಟ್ಟು ಹಿಡಿಕೆಗೆ ಕಿವಿ ಕೊಟ್ಟೆ. ಬೇರಿಂಗ್ ಚೆನ್ನಾಗಿದೆಯಾ ನೋಡಲಿಕ್ಕೆ ನಮ್ಮ ಕೆಲಸದಲ್ಲಿ ಹೀಗೇ. ಚೀಫ್ ಜೋರಾಗಿ ನಕ್ಕರು. "ಅರೇ, ನಾವು ಹಡಗಿನಲ್ಲೂ ಇದನ್ನೇ ಮಾಡ್ತಿದ್ವಿ" ಅಂದರು. ಅಲ್ಲಿಂದ ಮುಂದೆ ಚೌಕಾಸಿ ಜಾಸ್ತಿ ನಡೆಯಲಿಲ್ಲ. ಮೂರು ಲಕ್ಷ ನಲವತ್ತು ಸಾವಿರಕ್ಕೆ ಮಾತು ಮುಗಿಯಿತು.

ಕಾರಿನ ಕೆಳಗೆ ಗೋಣಿ ಹಾಸಿ ಮಲಗಿ ನೋಡಿದೆ. ಸಮುದ್ರ ಅರ್ಧ ಕಿಲೋಮೀಟರೂ ಇಲ್ಲ. ಉಪ್ಪು ಗಾಳಿ ಬಿಡುತ್ತದೆಯೇ? ಜಾಕ್ ಕೊಡುವ ಜಾಗದಲ್ಲಿ ಎರಡು ಕಡೆ ತುಕ್ಕು ಹಿಡಿದಿತ್ತು. ಬೆರಳಿಂದ ಕುಟ್ಟಿದರೆ ಒಂದು ಕಡೆ ಟಣ್ ಅನ್ನುವ ಬದಲು ಪೊಳ್ಳು ಸದ್ದು. ಕರಾವಳಿಯ ಹಳೇ ಕಾರು ಕೊಳ್ಳುವವರು ಬಣ್ಣ ನೋಡಬೇಡಿ, ಹೊಟ್ಟೆ ನೋಡಿ.

ಅವತ್ತು ಊಟಕ್ಕೂ ಅವರ ಮನೆಯಲ್ಲೇ ನಿಲ್ಲಿಸಿಕೊಂಡರು. ನಾನು ಮೀನು ತಿನ್ನುವುದಿಲ್ಲ. ಅವರ ಮನೆಯವರು ಬೇಜಾರಿಲ್ಲದೆ ಮುರುಗಲು ಹುಳಿಯ ಸೋಲ್‌ಕಡಿ, ಅನ್ನ, ಹಪ್ಪಳ ಬಡಿಸಿದರು. ನಮ್ಮ ಮುರುಗಲು ಅಲ್ಲಿ ಆ ಬಣ್ಣ ತಳೆದು ಬರುತ್ತದೆ ನೋಡಿ. ಊಟವಾದ ಮೇಲೆ ಚೀಫ್ ಜಗುಲಿ ಚಿಟ್ಟೆಯ ಮೇಲೆ ಕೂತು ಕತೆ ಶುರು ಮಾಡಿದರು. ಹ್ಯಾಂಬರ್ಗ್ ಬಂದರಿನಲ್ಲಿ ಹಡಗು ನಿಂತಾಗಲೆಲ್ಲ ಕಾರಿನ ಪತ್ರಿಕೆ ಕೊಂಡು ಓದುತ್ತಿದ್ದರಂತೆ. ಅವರು ಹೇಳಿದ್ದನ್ನು ಆಮೇಲೆ ನಾನೂ ಓದಿ ನೋಡಿದೆ. ಹೆಚ್ಚುಕಮ್ಮಿ ಎಲ್ಲ ಸರಿಯಾಗೇ ಹೇಳಿದ್ದರು.

1963ರಲ್ಲಿ ಬೆಂಜ್‌ನವರು 600 ಅಂತ ಒಂದು ಕಾರು ಮಾಡಿದರು. ದೇಶ ಆಳುವವರು, ಸಿನಿಮಾ ನಟರು ಕೂರುವಂಥದ್ದು. ಎರಡೂವರೆ ಟನ್ ತೂಕ. ಇಷ್ಟು ಭಾರ ಎಳೆಯಲಿಕ್ಕೆ ಅಂತಲೇ 6.3 ಲೀಟರಿನ ಎಂಟು ಸಿಲಿಂಡರ್ ಎಂಜಿನ್ ಹೊಸದಾಗಿ ಮಾಡಿದರು. ಜರ್ಮನ್ ಲೆಕ್ಕದಲ್ಲಿ 250 ಎಚ್‌ಪಿ. ಅದೇ ಕಂಪನಿಯಲ್ಲಿ ಇನ್ನೊಂದು ಕಾರಿತ್ತು, 300 ಎಸ್‌ಇ. ಸೈಜು ಹದವಾಗಿದೆ, ಗಾಳಿ ತುಂಬಿದ ಸಸ್ಪೆನ್ಷನ್ ಇದೆ, ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದೆ. ಎಂಜಿನ್ ಮಾತ್ರ ಮೂರೇ ಲೀಟರ್, 170 ಎಚ್‌ಪಿ.

ಅಲ್ಲಿ ಎರಿಚ್ ವಾಕ್ಸನ್‌ಬರ್ಗರ್ ಅಂತ ಒಬ್ಬ ಎಂಜಿನಿಯರ್ ಇದ್ದ. ಅವನ ತಲೆಯಲ್ಲೂ ನಮ್ಮ ತೋಟದವರ ಪ್ರಶ್ನೆಯೇ ಬಂತು. ಇದೇ ಬಾಡಿಗೆ ಆ ದೊಡ್ಡ ಎಂಜಿನ್ ಕೂರಿಸಿದರೆ? ಯಾರೂ ಹೇಳಿರಲಿಲ್ಲ, ಆರ್ಡರ್ ಇರಲಿಲ್ಲ. 1966ರಲ್ಲಿ ಕೆಲಸ ಮುಗಿದ ಮೇಲಿನ ಹೊತ್ತಿನಲ್ಲಿ ಕೂರಿಸಿಯೇ ಬಿಟ್ಟ. ಅವನ ಮೇಲಿನವರು ರುಡಾಲ್ಫ್ ಊಲೆನ್‌ಹೌಟ್. ರೇಸ್ ಕಾರು ಮಾಡಿ ಹೆಸರು ಪಡೆದ ಮನುಷ್ಯ, ಓಡಿಸುವುದರಲ್ಲೂ ನಿಸ್ಸೀಮ. ಒಂದು ದಿನ ಅವರಿಗೆ ಈ ಕಾರಿನ ಸದ್ದು ಕೇಳಿತಂತೆ. ಆರು ಸಿಲಿಂಡರಿನ ಸದ್ದಲ್ಲ ಇದು ಅಂತ ಕಿವಿಗೇ ಗೊತ್ತಾಯಿತು. ಸಿಗ್ನಲ್ಲಿನಲ್ಲಿ ಪಕ್ಕದಲ್ಲಿ ನಿಂತಾಗ ಬಾನೆಟ್ ತೆಗೆಸಿದರು ಅಂತ ಒಂದು ಕತೆ. ಬೈದರೋ ಹೊಗಳಿದರೋ, ಕೊನೆಗೆ ಅವರೇ ಓಡಿಸಿ ನೋಡಿ ಇದನ್ನು ಮಾಡೋಣ ಅಂದರು.

1968ರ ಮಾರ್ಚ್‌ನಲ್ಲಿ ಜಿನೀವಾ ಮೋಟರ್ ಷೋನಲ್ಲಿ ಅದು ಹೊರಗೆ ಬಂತು. ಹೆಸರು 300 ಎಸ್‌ಇಎಲ್ 6.3. ಐದು ಜನ ಆರಾಮಾಗಿ ಕೂರುವ ಕಾರು, ನಿಂತಲ್ಲಿಂದ ನೂರು ಕಿಲೋಮೀಟರ್ ವೇಗಕ್ಕೆ ಆರೂವರೆ ಸೆಕೆಂಡ್. ಗರಿಷ್ಠ ವೇಗ 220. ಆ ಕಾಲಕ್ಕೆ ಎರಡು ಸೀಟಿನ ಸ್ಪೋರ್ಟ್ಸ್ ಕಾರಿನವರು ಕೊಚ್ಚಿಕೊಳ್ಳುತ್ತಿದ್ದ ಲೆಕ್ಕ ಇದು. ಹೊರಗಿಂದ ನೋಡಿದರೆ ಡಿಕ್ಕಿಯ ಬಾಗಿಲ ಮೇಲೆ '6.3' ಅನ್ನುವ ಸಣ್ಣ ಬಿಲ್ಲೆ, ಅಷ್ಟೇ. ಮಿಕ್ಕಿದ್ದೆಲ್ಲ ಬ್ಯಾಂಕ್ ಮ್ಯಾನೇಜರ್ ಕಾರು. 1972ರವರೆಗೆ 6,526 ಕಾರು ಮಾಡಿದರು.

ಎಎಂಜಿ ಅನ್ನುವ ಹೆಸರು ಈಗ ಹುಡುಗರ ಟೀ ಷರ್ಟ್ ಮೇಲೂ ಇರುತ್ತದೆ. ಅದಕ್ಕೆ ಹೆಸರು ತಂದದ್ದೂ ಈ 6.3 ಕಾರೇ. ಬೆಂಜ್ ಬಿಟ್ಟು ಹೊರಬಂದ ಆಫ್ರೆಕ್ಟ್, ಮೆಲ್ಶರ್ ಅನ್ನುವ ಇಬ್ಬರು 1967ರಲ್ಲಿ ಕಟ್ಟಿದ ಗ್ಯಾರೇಜು ಅದು. ಎರಡು ಅಕ್ಷರ ಅವರ ಹೆಸರಿನವು, ಮೂರನೆಯದು ಆಫ್ರೆಕ್ಟ್ ಹುಟ್ಟಿದ ಗ್ರೋಸಾಸ್ಪಾಖ್ ಅನ್ನುವ ಊರಿನದು. ಎಂಜಿನ್ನನ್ನು 6.8 ಲೀಟರಿಗೆ ಹಿಗ್ಗಿಸಿ 428 ಎಚ್‌ಪಿ ಮಾಡಿ, ಕೆಂಪು ಬಣ್ಣ ಬಳಿದು, 1971ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ 24 ಗಂಟೆ ರೇಸಿಗೆ ಇಳಿಸಿದರು. ಸಣ್ಣ ಹಗುರ ಕಾರುಗಳ ನಡುವೆ ಈ ಆನೆ ಎರಡನೇ ಸ್ಥಾನ ಪಡೆಯಿತು. ಅದಕ್ಕೆ ಇಟ್ಟ ಅಡ್ಡಹೆಸರು 'ಕೆಂಪು ಹಂದಿ'. ಆನೆ ಅಂತಲೇ ಇಡಬಹುದಿತ್ತು.

ಚೀಫ್‌ಗೆ ಬೆಂಜ್ ಅಂದರೆ ಪಂಚಪ್ರಾಣ. ಹಾಗಾಗಿ ಜೋರು ಎಂಜಿನ್ನಿನ ನಾಲ್ಕು ಬಾಗಿಲಿನ ಕಾರುಗಳೆಲ್ಲ ಅಲ್ಲಿಂದಲೇ ಶುರುವಾದವು ಅಂತ ಅವರ ವಾದ. ಅದನ್ನು ಮಾತ್ರ ನಾನು ಒಪ್ಪುವುದಿಲ್ಲ. ಜಾಗ್ವಾರ್‌ನವರು 1959ರಲ್ಲೇ ಮಾರ್ಕ್ 2 ಮಾಡಿದ್ದರು. ಲೆ ಮಾನ್ ರೇಸ್ ಐದು ಸಲ ಗೆದ್ದ ಎಂಜಿನ್ ವಂಶದ್ದೇ 3.8 ಲೀಟರ್ ಎಂಜಿನ್. ಒಳಗೆ ಮರದ ಹಲಗೆ, ಚರ್ಮದ ಸೀಟು. ಗಂಟೆಗೆ ಇನ್ನೂರು ಕಿಲೋಮೀಟರ್. ಇಂಗ್ಲೆಂಡಿನಲ್ಲಿ ಪೊಲೀಸರೂ ಅದನ್ನೇ ಓಡಿಸುತ್ತಿದ್ದರು, ಕಳ್ಳರೂ ಅದನ್ನೇ ಕದಿಯುತ್ತಿದ್ದರು. ಇಟಲಿಯ ಮಾಸೆರಾಟಿ 1963ರಲ್ಲಿ ಕ್ವಾತ್ರೊಪೋರ್ತೆ ಮಾಡಿತು. ಆ ಹೆಸರಿನ ಅರ್ಥ 'ನಾಲ್ಕು ಬಾಗಿಲು' ಅಂತ. ನಾಲ್ಕು ಬಾಗಿಲಿನ ಮಾಸೆರಾಟಿ ಅನ್ನುವುದೇ ಆಗ ಅಷ್ಟು ವಿಶೇಷ.

ಜಾಗ್ವಾರ್ ವಿಷಯದಲ್ಲಿ ನನಗೆ ಹಿಡಿಸಿದ್ದು ಬೇರೆಯದೇ. ಮಾರ್ಕ್ 2ಕ್ಕಿಂತ ಹಿಂದಿನ ಮಾಡೆಲ್‌ನಲ್ಲಿ ಹಿಂದಿನ ಎರಡು ಚಕ್ರಗಳ ನಡುವಿನ ಅಂತರ ಮುಂದಿನದಕ್ಕಿಂತ ಬಹಳ ಕಡಿಮೆ ಇತ್ತು. ಮಾರ್ಕ್ 2ರಲ್ಲಿ ಅದನ್ನು ಮೂರಿಂಚಿಗಿಂತ ಹೆಚ್ಚು ಅಗಲ ಮಾಡಿದರು. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕಿದರು. ಎಂಜಿನ್ ದೊಡ್ಡದು ಮಾಡುವಾಗಲೇ ಬೆಡ್ಡನ್ನೂ ಅಗಲ ಮಾಡಿದರು ಅಂತಾಯಿತಲ್ಲ! ಇದನ್ನು ಓದಿದ ದಿನ ಅಂಗಡಿಯಲ್ಲಿ ಒಬ್ಬನೇ ನಕ್ಕೆ. ಹುಡುಗ ಆರ್ಮೇಚರ್ ಸುತ್ತುವುದನ್ನು ಬಿಟ್ಟು ನನ್ನ ಮುಖ ನೋಡಿದ.

ನಮ್ಮ ದೇಶದಲ್ಲಿ ಇದು ಉಲ್ಟಾ ನಡೆಯಿತು. 1984ರಲ್ಲಿ ಕಾಂಟೆಸ್ಸಾ ಬಂತು. ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್ ಕಾರಿನ ದೊಡ್ಡ ಬಾಡಿ, ಒಳಗೆ ಅಂಬಾಸಿಡರಿನದೇ 1489 ಸಿಸಿ ಎಂಜಿನ್, ಐವತ್ತು ಎಚ್‌ಪಿ ಆಸುಪಾಸು. ಇಸುಜು ಎಂಜಿನ್ ಬರುವವರೆಗೆ ಅದೇ ಗತಿ. 1985ರಲ್ಲಿ ಸ್ಟ್ಯಾಂಡರ್ಡ್ 2000 ಬಂತು. ಅದರ ಬಾಡಿ ಇಂಗ್ಲೆಂಡಿನ ರೋವರ್ ಎಸ್‌ಡಿ 1ರದ್ದು. ಅಲ್ಲಿ ಅದರಲ್ಲಿ ಮೂರೂವರೆ ಲೀಟರ್ ವಿ8, ಅಂದರೆ ಎಂಟು ಸಿಲಿಂಡರ್ ಎಂಜಿನ್ ಇತ್ತು, 1977ರಲ್ಲಿ ಯುರೋಪಿನ ವರ್ಷದ ಕಾರು ಅಂತ ಪ್ರಶಸ್ತಿ ಪಡೆದಿತ್ತು. ಇಲ್ಲಿ ಹಾಕಿದ್ದು ಸ್ಟ್ಯಾಂಡರ್ಡ್‌ನವರದೇ ಹಳೇ ವ್ಯಾನ್‌ಗಾರ್ಡ್ ಕಾರಿನ ಕಾಲದ ಎರಡು ಲೀಟರ್ ಎಂಜಿನ್. ಅದೂ ಹೆಚ್ಚು ದಿನ ಬಾಳಲಿಲ್ಲ. ಜರ್ಮನಿಯವರು ಸಣ್ಣ ಬೆಡ್ಡಿಗೆ ದೊಡ್ಡ ಮೋಟರ್ ಕೂರಿಸಿ ಹೆಸರು ಮಾಡಿದರು. ನಾವು ಐದು ಎಚ್‌ಪಿ ಬೆಡ್ಡಿಗೆ ಒಂದು ಎಚ್‌ಪಿ ಮೋಟರ್ ಕೂರಿಸಿ ಲಕ್ಷುರಿ ಅಂದೆವು. ಆದರೂ ಹೇಳುತ್ತೇನೆ, ಚಿಕ್ಕವನಿದ್ದಾಗ ಮದುವೆ ದಿಬ್ಬಣದಲ್ಲಿ ಕಾಂಟೆಸ್ಸಾದ ಹಿಂದಿನ ಸೀಟಿನಲ್ಲಿ ಕೂತ ಸುಖ ಇನ್ನೂ ಮರೆತಿಲ್ಲ.

ಬಿಎಂಡಬ್ಲ್ಯೂದವರದ್ದು ಇನ್ನೊಂದು ದಾರಿ. ತಮ್ಮ ರೇಸ್ ವಂಶದ ಎಂ1 ಕಾರಿನ ಎಂಜಿನ್ನನ್ನು ಬದಲಿಸಿ 5 ಸೀರೀಸ್‌ಗೆ ಹಾಕಿದರು. 286 ಎಚ್‌ಪಿ. 1985ರಲ್ಲಿ ಎಂ5 ಅಂತ ಹೆಸರಿಟ್ಟರು. ಅದರ ಬಗ್ಗೆ ಬರೆಯುವವರು ಸಾವಿರ ಜನ ಇದ್ದಾರೆ, ನಾನು ಬಿಡುತ್ತೇನೆ.

ಈಗ ನನ್ನ ಕಾರಿಗೆ ಬರುತ್ತೇನೆ. ನನ್ನದು 2.2 ಲೀಟರ್, ನಾಲ್ಕು ಸಿಲಿಂಡರ್, 150 ಎಚ್‌ಪಿ. ಜೋರಿನ ಕಾರು ಅಂತ ಯಾರೂ ಹೇಳುವುದಿಲ್ಲ. ಆದರೆ ಇದೇ ಬಾಡಿಯಲ್ಲಿ 1990ರ ಪ್ಯಾರಿಸ್ ಷೋನಲ್ಲಿ 500 ಇ ಬಂತು. ಐದು ಲೀಟರ್ ವಿ8, 326 ಎಚ್‌ಪಿ. ನೂರಕ್ಕೆ ಆರು ಸೆಕೆಂಡ್ ಚಿಲ್ಲರೆ. 250ಕ್ಕೆ ಕಂಪ್ಯೂಟರೇ ತಡೆಯುತ್ತದೆ. ನನ್ನ ಕಾರಿನ ಎರಡರಷ್ಟಕ್ಕಿಂತ ಜಾಸ್ತಿ ಶಕ್ತಿ ಅದೇ ಚೌಕಟ್ಟಿನಲ್ಲಿ.

ಇಲ್ಲೂ ಸುಮ್ನೆ ಕೂರಿಸಲಿಲ್ಲ. ಬೆಂಜ್‌ನವರು ಈ ಕೆಲಸಕ್ಕೆ ಪಕ್ಕದ ಪೋರ್ಷೆಯವರನ್ನು ಕರೆದರು. ಪೋರ್ಷೆಗೆ ಆಗ ಕೈ ಬಿಗಿ, ಕೆಲಸ ಬೇಕಾಗಿತ್ತು. ಬೆಂಜ್‌ಗೂ ತೊಂದರೆ ಇತ್ತು. ಅಗಲದ ಟೈರಿಗಾಗಿ ಮಡ್‌ಗಾರ್ಡ್ ಉಬ್ಬಿಸಿದ್ದರಿಂದ ಈ ಬಾಡಿ ಅವರ ಮಾಮೂಲಿ ಲೈನಿನಲ್ಲಿ ಹಿಡಿಸುತ್ತಿರಲಿಲ್ಲ. ಹಾಗಾಗಿ ಕಾರು ಊರಿಂದೂರಿಗೆ ಓಡಾಡಿತು. ಬಾಡಿಯ ಭಾಗಗಳು ಸಿಂಡೆಲ್‌ಫಿಂಗನ್‌ನಿಂದ ಪೋರ್ಷೆಯ ಝುಫೆನ್‌ಹೌಸನ್‌ಗೆ, ಜೋಡಿಸಿದ ಮೇಲೆ ಬಣ್ಣಕ್ಕೆ ವಾಪಸ್ ಸಿಂಡೆಲ್‌ಫಿಂಗನ್‌ಗೆ, ಬಣ್ಣ ಒಣಗಿದ ಮೇಲೆ ಎಂಜಿನ್ ಕೂರಿಸಲಿಕ್ಕೆ ಮತ್ತೆ ಝುಫೆನ್‌ಹೌಸನ್‌ಗೆ. ಒಂದು ಕಾರಿಗೆ 18 ದಿನ. ಎಂಜಿನ್ ಕೋಣೆಯಲ್ಲಿ ಜಾಗ ಸಾಲದೆ ಬ್ಯಾಟರಿ ಡಿಕ್ಕಿಗೆ ಹೋಯಿತು. ಬ್ರೇಕು, ಸಸ್ಪೆನ್ಷನ್ನಿನ ಭಾಗಗಳು ಎಸ್‌ಎಲ್ ಸ್ಪೋರ್ಟ್ಸ್ ಕಾರಿನಿಂದ ಬಂದವು. 1995ರವರೆಗೆ ಒಟ್ಟು 10,479 ಕಾರು.

ಅಂದರೆ ಬೆಡ್ ಮೊದಲೇ ಗಟ್ಟಿ ಇತ್ತು. ಆದರೂ ಮೋಟರ್ ಇಳಿಸುವ ಮುಂಚೆ ಬೆಡ್ಡಿಗೆ ಮತ್ತೊಂದು ಕೈ ಹಾಕಿದರು. ನನ್ನ ಕಾರು ಆ ಬೆಡ್ಡು, ಮಾಮೂಲಿ ಮೋಟರಿನ ಜೊತೆ. ಇದು ಕಾಗದದ ಮೇಲೆ ಸಪ್ಪೆ ಅನಿಸುತ್ತದೆ. ದೇವಿಮನೆ ಘಟ್ಟದಲ್ಲಿ ಹಾಗೆ ಅನಿಸುವುದಿಲ್ಲ.

ಕಾರವಾರದಿಂದ ಮನೆಗೆ ತಂದ ದಿನ ಮೊದಲ ಸಲ ಗೊತ್ತಾಯಿತು. ಹೆದ್ದಾರಿಯಲ್ಲಿ ಬಿಣಗಾದ ಸುರಂಗ ದಾಟಿ ಅಂಕೋಲಾ ಕಡೆ ಬರುವಾಗ ಮುಳ್ಳು ನೂರರ ಮೇಲಿತ್ತು, ನನಗೆ ಎಪ್ಪತ್ತರಲ್ಲಿದ್ದಂತೆ ಇತ್ತು. ಶಿರೂರಿನಲ್ಲಿ ಮಾತ್ರ ನಿಧಾನ ಮಾಡಿದೆ. 2024ರ ಜುಲೈನಲ್ಲಿ ಗುಡ್ಡ ಕುಸಿದ ಆ ಜಾಗದಲ್ಲಿ ಕಾಲು ತಾನಾಗೇ ಆಕ್ಸಿಲರೇಟರ್ ಬಿಡುತ್ತದೆ. ಕುಮಟಾ ಹತ್ತಿರ ಎಡವಿ ಬಿದ್ದಂತೆ ಒಂದು ದೊಡ್ಡ ಹೊಂಡಕ್ಕೆ ಇಳಿಯಿತು. ನನ್ನ ಹಳೇ ಕಾರಾಗಿದ್ದರೆ ಹಲ್ಲು ಕಚ್ಚಿಕೊಳ್ಳಬೇಕಿತ್ತು. ಇದರಲ್ಲಿ 'ಧಬ್' ಅಂತ ಒಂದೇ ಸದ್ದು, ದೂರದಲ್ಲಿ ಯಾರೋ ಗೋಣಿಚೀಲ ಇಳಿಸಿದ ಹಾಗೆ. ಸ್ಟೀರಿಂಗ್ ಅಲುಗಲಿಲ್ಲ.

ಘಟ್ಟದಲ್ಲಿ ಇದರ ಗುಣ ಇನ್ನೂ ಚೆನ್ನಾಗಿ ಕಾಣುತ್ತದೆ. ಕಾರು ತಿರುವಿನಲ್ಲಿ ವಾಲುತ್ತದೆ, ನಿಜ. ಆದರೆ ವಾಲಿ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ರಸ್ತೆ ಕಚ್ಚಿಕೊಂಡು ಹೋಗುತ್ತದೆ. ಹಿಂದಿನ ಒಂದೊಂದು ಚಕ್ರವನ್ನೂ ಐದೈದು ಕಡ್ಡಿ ಹಿಡಿದುಕೊಂಡಿವೆ. ಚಕ್ರ ಮೇಲೆ ಕೆಳಗೆ ಆದರೂ ದಿಕ್ಕು ತಪ್ಪಬಾರದು ಅಂತ ಆ ಲೆಕ್ಕ. ಎರಡನೇ ಗೇರಿನಲ್ಲಿ ಏರುವಾಗ ಎಂಜಿನ್ ಸ್ವಲ್ಪ ಗೊರಗುಟ್ಟುತ್ತದೆ, ಸಿಹಿಯಾದ ಸದ್ದಲ್ಲ. ಲಾರಿ ಹಿಂದಕ್ಕೆ ಹಾಕಲಿಕ್ಕೆ ಮುಂಚೆಯೇ ಯೋಚನೆ ಮಾಡಬೇಕು. ಅವಸರ ಇದ್ದವರಿಗೆ ಇದು ಆಗುವುದಿಲ್ಲ. ಬಾಡಿ ಮಾತ್ರ 'ಇಷ್ಟೇನಾ? ಇನ್ನೂ ಕೊಡು' ಅನ್ನುತ್ತಲೇ ಇರುತ್ತದೆ.

ಮಳೆಗಾಲದಲ್ಲಿ ನನಗೆ ಈ ಕಾರಿನ ಮೇಲೆ ಪ್ರೀತಿ ಹುಟ್ಟಿಸಿದ್ದು ವೈಪರ್. ಗಾಜಿನ ನಡುವೆ ಒಂದೇ ಕೈ. ಮೊದಲು ನೋಡಿದಾಗ ಕಂಜೂಸಿತನ ಅಂದುಕೊಂಡಿದ್ದೆ. ಓಡಿಸಿದರೆ ಗೊತ್ತಾಗುತ್ತದೆ, ಆ ಕೈ ಮೂಲೆಗೆ ಹೋಗುವಾಗ ಉದ್ದವಾಗುತ್ತದೆ, ನಡುವೆ ಬರುವಾಗ ಗಿಡ್ಡವಾಗುತ್ತದೆ. ಗಾಜಿನ ನೂರರಲ್ಲಿ 86 ಪಾಲು ಒರೆಸುತ್ತದೆ. ಜುಲೈನಲ್ಲಿ ಒಂದು ದಿನ ಅದು ತಡವರಿಸಲಿಕ್ಕೆ ಶುರುವಾಯಿತು. ಬಿಚ್ಚಿದೆ. ಒಳಗೆ ಪುಟ್ಟ ಹಲ್ಲುಚಕ್ರ, ಅದರ ಮೇಲೆ ಓರೆಯಾಗಿ ಕೂತ ಒಂದು ಕಡ್ಡಿ. ಚಕ್ರ ತಿರುಗಿದಂತೆ ಕಡ್ಡಿ ಕೈಯನ್ನು ಹೊರಗೆ ತಳ್ಳಿ ಒಳಗೆ ಎಳೆಯುತ್ತದೆ. ಮೂವತ್ತು ವರ್ಷದ ಗ್ರೀಸು ಒಣಗಿ ಬೆಲ್ಲದ ಅಂಟಿನ ಹಾಗೆ ಆಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು ಬೇರಿಂಗ್ ಗ್ರೀಸ್ ತುಂಬಿದೆ. ಅರ್ಧ ಗಂಟೆ ಕೆಲಸ. ಆಮೇಲೆ ಶಿರಸಿಯ ಮಳೆಗೂ ಅದು ಸೋತಿಲ್ಲ. ಬಸ್‌ ಸ್ಟ್ಯಾಂಡ್ ಎದುರು ನಿಂತರೆ ಶಾಲೆ ಹುಡುಗರು ಆ ಕೈ ಕುಣಿಯುವುದನ್ನೇ ನೋಡುತ್ತಾರೆ.

ಸೀಟು ಮೊದಲ ವಾರ ಗಟ್ಟಿ ಅನಿಸಿತು. ಇಡೀ ದಿನ ಬಗ್ಗಿ ಕಾಯಿಲ್ ಸುತ್ತಿ ನನ್ನ ಸೊಂಟ ಹೋಗಿದೆ. ಆದರೆ ಮಂಗಳೂರಿಗೆ ಹೋಗಿ ಬಂದ ದಿನ ನೋವೇ ಇರಲಿಲ್ಲ. ಡ್ರೈವರ್ ಸೀಟಿನ ಹೊಲಿಗೆ ಬಿಟ್ಟಿತ್ತು, ಕುಷನ್ ಅಂಗಡಿಗೆ ಒಯ್ದೆ. ಕವರ್ ತೆಗೆದರೆ ಒಳಗೆ ಮಂಚದಂತೆ ಸ್ಪ್ರಿಂಗು, ಅದರ ಮೇಲೆ ಕಾಯಿ ನಾರಿನಂಥ ಒರಟು ಪದರ. ಕುಷನ್ ಮಾಡುವವರು ಕೈಯಾಡಿಸಿ, "ಇದಕ್ಕೆ ಫೋಮ್ ತುಂಬಿಸಬೇಡಿ, ಹಾಳು ಮಾಡಿಕೊಳ್ತೀರಿ" ಅಂದರು. ಬರೀ ಹೊಲಿಗೆಗೆ ಇನ್ನೂರೈವತ್ತು ರೂಪಾಯಿ ತೆಗೆದುಕೊಂಡರು. ಜಾಸ್ತಿ ಕೊಡಲಿಕ್ಕೆ ಹೋದರೆ ತೆಗೆದುಕೊಳ್ಳಲಿಲ್ಲ.

ಖರ್ಚಿನ ವಿಷಯ ಮುಚ್ಚಿಡುವುದಿಲ್ಲ. ಹೆದ್ದಾರಿಯಲ್ಲಿ ಲೀಟರಿಗೆ ಹನ್ನೊಂದು, ಘಟ್ಟದಲ್ಲಿ ಎಂಟು. ಸಾಲ್ಕಣಿ ಕಡೆಯ ಹಿರಿಯರೊಬ್ಬರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಮೈಲೇಜ್ ಎಷ್ಟು ಕೊಡ್ತ ತಮಾ?" ಅಂದರು. ಹೇಳಿದೆ. ಕವಳ ಉಗುಳಿ ಬಂದು, "ಎತ್ತು ಸಾಕದೇ ಸಸಾರ" ಅಂದರು. ಎಥನಾಲ್ ಸೇರಿದ ಪೆಟ್ರೋಲಿಗೆ ಹಳೇ ರಬ್ಬರ್ ತಡೆಯುವುದಿಲ್ಲ ಅಂತ ಪೆಟ್ರೋಲ್ ಪೈಪು ಪೂರಾ ಬದಲಿಸಿದೆ. ಜಾಕ್ ಜಾಗದ ತುಕ್ಕು ಕತ್ತರಿಸಿ ತಗಡು ವೆಲ್ಡ್ ಮಾಡಿಸಿದ್ದಕ್ಕೆ ಹದಿನಾಲ್ಕು ಸಾವಿರ. ಆರ್‌ಸಿ ರಿನ್ಯೂವಲ್ ಫೀಸು, ಹಳೇ ಗಾಡಿಯ ಹಸಿರು ತೆರಿಗೆ ಬೇರೆ. ಐದು ಜನ ಕೂತರೆ ಹಳ್ಳಿ ಹಂಪುಗಳನ್ನು ಓರೆಯಾಗಿ ಹತ್ತಿಸಬೇಕು, ಇಲ್ಲವಾದರೆ ಹೊಟ್ಟೆ ಕೆರೆಯುತ್ತದೆ. ಏಸಿ ಮೇ ತಿಂಗಳ ಕಾರವಾರಕ್ಕೆ ಸಾಲುವುದಿಲ್ಲ, ಗ್ಯಾಸ್ ಹಳೆಯದಾಗಿದೆ ಅಂತ ಕಾಣುತ್ತದೆ. ನನ್ನ ಹೆಂಡತಿ ಬೀಸಣಿಗೆ ಇಟ್ಟುಕೊಂಡೇ ಹತ್ತುತ್ತಾಳೆ.

ದೊಡ್ಡ ಪಾಠ ಕಲಿಸಿದ್ದು ಸೆಪ್ಟೆಂಬರ್. ಎಂಜಿನ್ ಇದ್ದಕ್ಕಿದ್ದಂತೆ ಮೂರೇ ಸಿಲಿಂಡರಿನಲ್ಲಿ ಓಡಲಿಕ್ಕೆ ಶುರು. ಇಡೀ ಕಾರು ನಡುಗುತ್ತದೆ. ಘಟ್ಟದ ಮೇಲಿನ ಒಂದು ದೊಡ್ಡ ಊರಿನ ಗ್ಯಾರೇಜಿಗೆ ಟೋಯಿಂಗ್ ಮಾಡಿಸಿದೆ. ಐದು ವಾರ ಇಟ್ಟುಕೊಂಡರು. ಫೋನ್ ಮಾಡಿದಾಗಲೆಲ್ಲ "ನಾಳೆ ನೋಡ್ತೇವೆ ಸರ್". ಕೊನೆಗೆ ಕಂಪ್ಯೂಟರ್ ಹೋಗಿದೆ, 85 ಸಾವಿರ ಆಗುತ್ತದೆ ಅಂದರು. ಹೇಗೆ ಗೊತ್ತಾಯಿತು ಅಂತ ಕೇಳಿದರೆ ಉತ್ತರ ಇಲ್ಲ. ಮೀಟರ್ ಹಿಡಿದು ನೋಡಿದ ಗುರುತೂ ಇಲ್ಲ. ನೋಡಿದ್ದಕ್ಕೆ ಅಂತ ಆರು ಸಾವಿರ ತೆಗೆದುಕೊಂಡು ಕಾರು ಬಿಟ್ಟರು.

ಮನೆಗೆ ತಂದು ಒಂದು ಭಾನುವಾರ ಬೆಳಿಗ್ಗೆ ಮಲ್ಟಿಮೀಟರ್ ಹಿಡಿದು ಕೂತೆ. ವೈಂಡಿಂಗ್‌ನವನಿಗೆ ವಯರ್ ಬಿಟ್ಟು ಬೇರೇನು ಗೊತ್ತು? ಒಂದೊಂದೇ ಇಂಜೆಕ್ಟರಿನ ವಯರ್ ನೋಡುತ್ತಾ ಹೋದೆ. ಮೂರನೆಯದರಲ್ಲಿ ಕರೆಂಟ್ ಬರುತ್ತಿಲ್ಲ. ಬೆರಳು ತೂರಿಸಿ ಎಳೆದರೆ ಎರಡು ತುಂಡು ಕೈಗೆ ಬಂತು, ಜೊತೆಗೆ ಒಂದಿಷ್ಟು ಅಡಿಕೆ ಸಿಪ್ಪೆ, ಹತ್ತಿ. ಇಲಿ ಗೂಡು! ಚಾಲಿ ಅಡಿಕೆ ಒಣಗಿಸುವ ಅಂಗಳದ ಪಕ್ಕ ಕಾರು ನಿಲ್ಲಿಸಿದ್ದು ನನ್ನದೇ ತಪ್ಪು. ಮೋಟರಿಗೆ ಹಾಕುವ ವಾರ್ನಿಷ್ ಸ್ಲೀವ್ ತೂರಿಸಿ, ಬೆಸುಗೆ ಹಾಕಿ ಕಟ್ಟಿದೆ. ನಲವತ್ತು ರೂಪಾಯಿ ಖರ್ಚು. ಕೀ ತಿರುಗಿಸಿದರೆ ನಾಲ್ಕೂ ಸಿಲಿಂಡರ್. ಚೀಫ್‌ಗೆ ಫೋನ್ ಮಾಡಿ ಸದ್ದು ಕೇಳಿಸಿದೆ. ಫೋನಿನಲ್ಲೇ, "ಮೂರನೇದು ಸ್ವಲ್ಪ ತಡ ಮಾಡ್ತಿದೆ, ಪ್ಲಗ್ ತೆಗೆದು ಒರೆಸು" ಅಂದರು. ಒರೆಸಿದೆ. ಹೌದು, ಸರಿಯಾಯಿತು.

ಯಾರು ತೆಗೆದುಕೊಳ್ಳಬಹುದು ಅಂತ ಕೇಳಿದರೆ, ಸ್ವಂತ ಸ್ಪ್ಯಾನರ್ ಇರುವವರು. ಅಥವಾ ಕೆಲಸ ಬಲ್ಲ, ಸುಳ್ಳು ಹೇಳದ ಮೆಕ್ಯಾನಿಕ್ ಪಕ್ಕದಲ್ಲಿರುವವರು. ಮನೆಗೆ ಇದೊಂದೇ ಗಾಡಿ ಆಗಿದ್ದರೆ ಬೇಡ. ಅಂಗಡಿಗೆ ನಾನು ಈಗಲೂ ಸ್ಕೂಟರಿನಲ್ಲೇ ಹೋಗುತ್ತೇನೆ. ಬೆಂಜ್ ಅನ್ನುವ ಹೆಸರಿಗೆ ಮರುಳಾಗಿ ಮದುವೆ ಮನೆ ಎದುರು ನಿಲ್ಲಿಸಲಿಕ್ಕೆ ಕೊಳ್ಳುವವರಿಗೆ ಮೂರು ಲಕ್ಷದಲ್ಲಿ ಹೊಳೆಯುವ ಬೇರೆ ಕಾರು ಸಿಗುತ್ತವೆ.

ಇನ್ನೊಂದು. ಹುಬ್ಬಳ್ಳಿಯ ಹುಡುಗನೊಬ್ಬ ಇದಕ್ಕೆ ದೊಡ್ಡ ಜಪಾನಿ ಎಂಜಿನ್ ಕೂರಿಸಿ ಕೊಡುತ್ತೇನೆ, ಎರಡೂವರೆ ಲಕ್ಷ ಸಾಕು ಅಂತ ಹೇಳಿ ಹೋಗಿದ್ದಾನೆ. ಬ್ರೇಕ್ ಏನು ಮಾಡುತ್ತೀ ಅಂತ ಕೇಳಿದೆ. "ಅದು ಇದ್ದದ್ದೇ ಸಾಕು ಅಂಕಲ್" ಅಂದ. ಟೀ ಕುಡಿಸಿ ಕಳಿಸಿದೆ.

ಸದ್ಯಕ್ಕೆ ಹಿಂದಿನ ಎಡ ಚಕ್ರದ ಎರಡು ರಬ್ಬರ್ ಬುಷ್ ಹೋಗಿವೆ, ಹಂಪು ಇಳಿಯುವಾಗ ಕಿರ್ ಅನ್ನುತ್ತದೆ. ಪಾರ್ಸೆಲ್ ಹುಬ್ಬಳ್ಳಿಗೆ ಬಂದಿದೆಯಂತೆ. ಗುರುವಾರದ ಬಸ್ಸಿಗೆ ಹಾಕುತ್ತಾರೆ.